ಹಿಮಾಲಯದ ತೊಟ್ಟಿಲು

ಹುಮನಾಬಾದಿನ ಕಾಳುಕಡಿಯ ಅಡತ್ ವ್ಯಾಪಾರಿ ಬಸವಣಪ್ಪನವರೂ ಬಸವಕಲ್ಯಾಣದ ನಿವೃತ್ತ ಭೂಗೋಳ ಶಿಕ್ಷಕ ಗುರುನಾಥ ಮಾಸ್ತರರೂ ಬೀಗರಾದಂದಿನಿಂದ ಒಂದೇ ಒಂದು ವಿಷಯದಲ್ಲಿಯೂ ಒಮ್ಮತಕ್ಕೆ ಬಂದವರಲ್ಲ. ಮದುವೆಯ ಊಟಕ್ಕೆ ಹುಗ್ಗಿಯೋ ಹೋಳಿಗೆಯೋ ಎಂಬಲ್ಲಿ ಹುಟ್ಟಿದ ಈ ಭಿನ್ನಮತವು ಚೆನ್ನಾಗಿ ಬಲಿತು, ಈಗ ಮೊಮ್ಮಗಳ ಹೆಸರಿಗೆ ಬಂದು ನಿಂತಿತ್ತು. ಕೂಸು ಹುಟ್ಟಿ ಮೂರು ತಿಂಗಳು ತುಂಬಿದ್ದರೂ ಅದಕ್ಕೆ ಹೆಸರಿರಲಿಲ್ಲ. ಲಿಂಗೈಕ್ಯರಾದ ತಮ್ಮ ತಾಯಿಯ ಹೆಸರಾದ ಭಾಗಮ್ಮ ಎಂಬುದನ್ನೇ ಇಡತಕ್ಕದ್ದೆಂದು ಬಸವಣಪ್ಪನವರ ಹಟ. ಹೈಮವತಿ ಎಂಬುದಕ್ಕಿಂತ ಒಂದಕ್ಷರ ಕಡಿಮೆಯಾದರೂ ತಾವು ಒಪ್ಪುವವರಲ್ಲವೆಂದು ಮಾಸ್ತರರ ಪಣ. ಕೂಸಿನ ತಾಯಿ ಅನುರಾಧಾ ಮಾಸ್ತರರ ಮಗಳು; ತಂದೆ ಬಸವಕುಮಾರ ಬಸವಣಪ್ಪನವರ ಮಗ. ಇಬ್ಬರು ಹಿರಿಯರ ನಡುವೆ ಬಾಯಿ ಹಾಕುವ ಧೈರ್ಯವಿಲ್ಲದೆ ಅವರು ಮಗಳನ್ನು ಬಬ್ಬಿ, ಚಿನ್ನಿ ಎಂದು ದಿನಕ್ಕೊಂದು ಹೆಸರಿನಿಂದ ಕರೆದು ಕಾಲ ಕಳೆಯುತ್ತಿದ್ದರು.

ಹೀಗಿರಲು ಶ್ರಾವಣ ಬಂದಿತು. ಹುಮನಾಬಾದಿನ ಆ ಓಣಿಯ ಮಠದಲ್ಲಿ ಶ್ರಾವಣದುದ್ದಕ್ಕೂ ಸಂಜೆ ಪುರಾಣ ನಡೆಯುವ ವಾಡಿಕೆ. ಪುರಾಣ ಸಮಿತಿಗೆ ಬಸವಣಪ್ಪನವರೇ ಅಧ್ಯಕ್ಷರು. ಅಲ್ಲಿ ಪುರಾಣವನ್ನು ಕೇಳಿದರೆ ಸಾಲದು, ನಡೆಸಬೇಕು. ಕಥೆಯಲ್ಲಿ ಮದುವೆಯಾದರೆ ಭಕ್ತರು ಅಕ್ಷತೆ ಹಾಕಿ ಉಡುಗೊರೆಯ ಆಯೇರಿ ಮಾಡುವರು. ಕಥಾನಾಯಕ ಹುಟ್ಟಿದ ಸಂಜೆ ವೇದಿಕೆಯ ಮುಂದೆ ನಿಜವಾದ ತೊಟ್ಟಿಲು ಕಟ್ಟಿ, ನಿಜವಾದ ಕೂಸೊಂದನ್ನು ಮಲಗಿಸಿ, ಜೋಗುಳ ಹಾಡಿ ಗುಗ್ಗರಿ ಹಂಚುವರು. ಪುರಾಣದ ತೊಟ್ಟಿಲಲ್ಲಿ ಇಟ್ಟ ಹೆಸರನ್ನು ಮನೆಯಲ್ಲಿ ಮತ್ತೆ ಬದಲಿಸುವಂತಿಲ್ಲ. ಈ ಕಟ್ಟಳೆಯನ್ನು ಬಲ್ಲ ಬಸವಣಪ್ಪನವರು ಸಂಪ್ರೀತಿಯಿಂದ ಬೀಗರಿಗೆ ಫೋನು ಮಾಡಿ, ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ತೊಟ್ಟಿಲಿಗೆ ಬರಬೇಕೆಂದು ಆಹ್ವಾನಿಸಿದರು. ಆ ಸಂಪ್ರೀತಿಯ ಹಿಂದೆ ಭಾಗಮ್ಮನಿರುವಳೆಂಬುದು ಮಾಸ್ತರರಿಗೆ ಕಲ್ಯಾಣದ ಬಸ್ ನಿಲ್ದಾಣದಲ್ಲಿಯೇ ಹೊಳೆಯಿತು. ಆದರೂ ಹೊರಟರು, ರಣರಂಗಕ್ಕೆ ಬೆನ್ನು ತೋರಿಸುವುದು ಅವರ ಸ್ವಭಾವವಾಗಿರಲಿಲ್ಲ.

ಅವರು ಹುಮನಾಬಾದಿನಲ್ಲಿ ಇಳಿಯುವ ಹೊತ್ತಿಗೆ ಪುರಾಣಿಕರ ಗಂಟಲು ಕಟ್ಟಿಹೋಗಿತ್ತು. ಮಠದ ಪಡಸಾಲೆಯಲ್ಲಿ ಅವರು ಕೊರಳಿಗೆ ಮಫ್ಲರ್ ಸುತ್ತಿ, ಕಷಾಯದ ಲೋಟ ಹಿಡಿದು, ಎರಡು ದಿನ ಎಂದು ಎರಡು ಬೆರಳು ತೋರಿಸಿದರು. ಮರುದಿನ ಸಂಜೆಯೇ ತೊಟ್ಟಿಲು. ಓಣಿಯ ಹೆಂಗಸರು ಗುಗ್ಗರಿಗೆ ಗೋಧಿ ನೆನೆಹಾಕಿ ಆಗಿತ್ತು.

"ಗೋಧಿ ನೆನದಾವ್ರಿ. ಈಗ ಪುರಾಣ ನಿಂತ್ರ ಹ್ಯಾಂಗ?" ಎಂದಳು ಗಂಗುಬಾಯಿ. ವರ್ಷಗಳಿಂದ ಮುಂದಿನ ಸಾಲಿನಲ್ಲಿ ಕುಳಿತು ಪುರಾಣ ಕೇಳುತ್ತ ಬಂದ ಈ ಮುದುಕಿಯ ಮಾತಿಗೆ ಓಣಿಯಲ್ಲಿ ಎದುರಿರಲಿಲ್ಲ.

ಮಾಸ್ತರರು ಶಲ್ಯ ಸರಿಪಡಿಸಿಕೊಂಡರು. "ನಿಂದ್ರೋದು ಯಾಕ? ಎರಡು ಸಂಜಿ ನಾ ಹೇಳತೀನಿ."

"ಯಾವ ಪುರಾಣ ಹೇಳತೀರಿ?" ಬಸವಣಪ್ಪನವರು ಕೇಳಿದರು.

"ಭೂಮಿದು. ಅಕೀ ಹ್ಯಾಂಗ ಹುಟ್ಟಿದಳು, ಹ್ಯಾಂಗ ಒಡದಳು, ಇನ್ನೂ ಹ್ಯಾಂಗ ಸರ್ಯಾಕತ್ತಾಳ, ಎಲ್ಲಾ."

ಬಸವಣಪ್ಪನವರು ನಕ್ಕರು, ಅಡತ್ ಅಂಗಡಿಯ ಹೊಟ್ಟೆ ಕುಣಿಸುವ ನಗು ಅದು. "ಬೀಗರೇ, ನಿಮ್ಮ ಪಾಠಕ್ಕ ಕಲ್ಯಾಣದ ಹುಡುಗ್ರು ಗೊರಕಿ ಹೊಡದದ್ದು ಹುಮನಾಬಾದತನಕ ಕೇಳ್ಯದ. ಇಲ್ಲಿ ಜನ ಮನಗಾಂಗಿಲ್ಲ, ಎದ್ದು ಹೋಗತಾರ."

ಈ ಮಾತು ಮಾಸ್ತರರ ಎದೆಯ ಮೆತ್ತನೆಯ ಜಾಗವನ್ನೇ ಹುಡುಕಿ ನಾಟಿತು, ಏಕೆಂದರೆ ಅದು ನಿಜವಾಗಿತ್ತು. "ಒಬ್ಬರೂ ಏಳಾಂಗಿಲ್ಲ," ಎಂದರು ಸೆಟೆದು.

"ಶರತ್ತ ಏನು?"

"ನೀವೇ ಹೇಳ್ರಿ."

"ಎರಡು ಸಂಜಿ, ಮಂಗಳಾರತಿ ಆಗೋತನಕ ಒಬ್ಬರೂ ಎದ್ದು ಹೋಗಲಿಲ್ಲಂದ್ರ ಕೂಸಿನ ಹೆಸರು ನಿಮ್ಮದು. ಯಾರೇ ಒಬ್ಬರು ಎದ್ರೂ ನಮ್ಮವ್ವನ ಹೆಸರು. ಗಂಗುಬಾಯಿ ಪಂಚರು."

ಗಂಗುಬಾಯಿ ಪಂಚಾಯಿತಿಗೆ ಒಪ್ಪಿ ಎಲೆಯಡಿಕೆ ಬಾಯಿಗಿಟ್ಟುಕೊಂಡಳು. ಬಸವಣಪ್ಪನವರ ಮಗಳು ಪೂನಂ, ಕೂಸನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದವಳು, ಅತ್ತಿಗೆ ಅನುರಾಧಾಳ ಮುಖ ನೋಡಿದಳು. ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರುವ ಹಕ್ಕು ಸೋದರತ್ತೆಯಾದ ಅವಳದು. ಏನನ್ನು ಉಸುರಬೇಕೆಂದು ಮಾತ್ರ ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಸಂಜೆ ಮಠದ ಅಂಗಳ ತುಂಬಿತು. ಎಡಕ್ಕೆ ಗಂಡಸರ ಜಮಖಾನೆ, ಬಲಕ್ಕೆ ಹೆಂಗಸರದು. ಮಾಸ್ತರರು ಪುರಾಣಿಕರ ಗಾದಿ ಏರಿ ಕುಳಿತು, ಧೋತರವನ್ನು ಮೊಣಕಾಲ ಮೇಲೆ ಎಳೆದುಕೊಂಡರು.

"ತಾಯಂದಿರೇ, ಬಂಧುಗಳೇ, ನಾಲ್ಕುನೂರಾ ಐವತ್ತು ಕೋಟಿ ವರ್ಷದ ಹಿಂದ ಈ ಹುಮನಾಬಾದ ಇರಲಿಲ್ಲ."

"ಬಸ್ ಸ್ಟ್ಯಾಂಡೂ ಇರಲಿಲ್ಲೇನ್ರಿ?" ಹಿಂದಿನ ಸಾಲಿನಿಂದ ಒಬ್ಬನ ದನಿ.

"ಬಸ್ ಸ್ಟ್ಯಾಂಡ್ ನಿಂದ್ರಾಕ ನೆಲಾನೇ ಇರಲಿಲ್ಲೋ ತಮ್ಮಾ. ಸೂರ್ಯನ ಸುತ್ತ ಬರೇ ಧೂಳು, ಹಳ್ಳು, ಗುಂಡು ತಿರಗಾಕತ್ತಿದ್ವು. ಧೂಳಿಗೆ ಧೂಳು ಅಂಟಿ ಉಂಡಿ ಆತು. ಉಂಡಿಗೆ ಉಂಡಿ ಬಡದು ಗುಡ್ಡ ಆತು. ಗುಡ್ಡಕ್ಕ ಗುಡ್ಡ ಬಡದು ಭೂಮಿ ಆತು. ಬಡದಾಟದ ಕಾವಿಗೆ ಎಲ್ಲಾ ಕರಗಿ ಕೆಂಡದ ಪಾಕ. ನೀವು ಕಾಳು ತೊಳದಾಗ ಹಳ್ಳು ತಳಕ್ಕ ಕುಂತು ಹೊಟ್ಟು ಮ್ಯಾಲ ತೇಲತದಲ್ಲ, ಹಂಗೇ ಕಬ್ಬಿಣ ಒಳಗಿಳೀತು, ಹಗುರ ಕಲ್ಲು ಮ್ಯಾಲ ಬಂತು. ಅಷ್ಟರಾಗ ಮಂಗಳ ಗ್ರಹದಷ್ಟು ದೊಡ್ಡ ಗುಂಡೊಂದು ಬಂದು ನಮ್ಮ ಭೂಮಿಗೆ ಹಾಯ್ತು. ಸಿಡಿದ ಚೂರೆಲ್ಲಾ ಕೂಡಿ ಚಂದಪ್ಪ ಆದ."

"ಅಯ್ಯ ಯಪ್ಪಾ! ತಪ್ಪು ಯಾರದ್ರಿ?" ಗಂಗುಬಾಯಿ ಕೇಳಿದಳು.

"ಪಂಚಾಯ್ತಿ ಮಾಡಾಕ ಆಗ ನೀವು ಇರಲಿಲ್ಲವ್ವಾ."

ಅಂಗಳ ನಕ್ಕಿತು. ಮಾಸ್ತರರಿಗೆ ಇದು ಹೊಸ ಅನುಭವ. ಇಡೀ ಸೇವಾವಧಿಯಲ್ಲಿ ಭೂಗರ್ಭಕ್ಕೆ ಯಾರೂ ನಕ್ಕಿರಲಿಲ್ಲ. ತಬಲಾದವನು ತಾನಾಗಿಯೇ ಒಂದು ಪೆಟ್ಟು ಕೊಟ್ಟ. ಮಾಸ್ತರರು ಗಾದಿಯ ಮೇಲೆ ಇನ್ನಷ್ಟು ವಿಸ್ತಾರವಾಗಿ ಕುಳಿತರು.

ಆ ಹೊತ್ತಿಗೆ ಸರಿಯಾಗಿ ಹಿಂದಿನ ಬಾಗಿಲಿನಿಂದ ಮೆಣಸಿನಕಾಯಿ ಬಜಿಯ ವಾಸನೆ ತೇಲಿ ಬಂದಿತು.

ಮಠದ ಅಡುಗೆಯವನಾದ ದಿಗಂಬರನು ಪ್ರಸಾದದ ಹುಗ್ಗಿಯನ್ನು ಮಂಗಳಾರತಿಯ ತರುವಾಯ ಬಡಿಸುವುದೇ ಪದ್ಧತಿ. ಬಜಿ ಎಂದೂ ಪದ್ಧತಿಯಲ್ಲಿರಲಿಲ್ಲ. ಮಾಸ್ತರರು ಬಸವಣಪ್ಪನವರತ್ತ ನೋಡಿದರು. ಬಸವಣಪ್ಪನವರು ಆಕಾಶವನ್ನು ನೋಡುತ್ತಿದ್ದರು, ಅಲ್ಲಿ ಏನೋ ಮುಖ್ಯವಾದದ್ದು ನಡೆದಿರುವಂತೆ. ಮೂಗುಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದವು. ಗಂಡಸರ ಜಮಖಾನೆಯ ಅಂಚಿನಲ್ಲಿ ಒಬ್ಬನು ಅಂಗೈ ಊರಿ, ಸೊಂಟವನ್ನು ನೆಲದಿಂದ ಎತ್ತುವುದೋ ಬೇಡವೋ ಎಂಬಂತೆ ತೂಗಿ ನೋಡಿದನು. ಹೈಮವತಿಯ ಭವಿಷ್ಯವು ಆ ಸೊಂಟದ ಮೇಲೆ ನಿಂತಿತ್ತು.

"ದಿಗಂಬರಾ!" ಮಾಸ್ತರರು ಗುಡುಗಿದರು. "ಕರಿದ ಬಜಿ ಎಲ್ಲಾ ಇಲ್ಲೇ ತಂದು ಕುಂತವರ ಕೈಗೇ ಹಂಚು. ಮತ್ತ ಆ ಹುಗ್ಗಿ ಕಡಾಯಿ ಒಲಿ ಸಮೇತ ನನ್ನ ಮುಂದ ತಂದಿಡು. ಪುರಾಣಕ್ಕ ಬೇಕಾಗ್ಯದ."

ಅಂಗಳದಲ್ಲಿ ಹರ್ಷೋದ್ಗಾರವೆದ್ದಿತು. ಏಳಲಿದ್ದ ಸೊಂಟವು ನೆಲಕ್ಕೆ ಮರಳಿತು. ಪುರಾಣ ಕೇಳುತ್ತ ಬಜಿ ತಿನ್ನುವ ಭಾಗ್ಯವು ಆ ಓಣಿಗೆ ಹಿಂದೆಂದೂ ಒದಗಿರಲಿಲ್ಲ. ಬಸವಣಪ್ಪನವರ ಕೈಗೂ ಎರಡು ಬಂದವು. ತಾವೇ ಎಣ್ಣೆ ಕೊಡಿಸಿದ ಬಜಿಯನ್ನು ಅವರು ಬಹಳ ಕಹಿಯಾಗಿ ತಿಂದರು.

ಕಡಾಯಿಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ನಡುವೆ ಗುಳ್ಳೆಯೆದ್ದು, ಮೇಲಿನ ದಪ್ಪ ಕೆನೆ ಹರಿದು, ತುಂಡು ತುಂಡಾಗಿ ಅಂಚಿನತ್ತ ಸರಿಯುತ್ತಿತ್ತು.

"ನೋಡ್ರಿ, ಇದೇ ಭೂಮಿ. ಮ್ಯಾಲ ಆರಿ ಗಟ್ಟಿ ಆಗ್ಯದ, ಒಳಗ ಕಾವು ಹಂಗೇ ಅದ. ಒಳಗಿಂದೂ ಕಲ್ಲೇ, ಆದ್ರ ಕಾವಿಗೆ ಮೆತ್ತಗಾಗಿ ಭಾಳ ಸಾವಕಾಶ ಹರೀತದ. ಮ್ಯಾಲಿನ ಕೆನಿ ಒಡದು ಫಲಕ ಆಗ್ಯಾವ. ಆ ಒಂದು ತುಂಡಿನ ಮ್ಯಾಲ ಹುಮನಾಬಾದ, ಕಲ್ಯಾಣ, ಬೀದರ, ದಿಲ್ಲಿ ಎಲ್ಲಾ ಕುಂತಾವ. ನಾವು ಕುಂತೇವಿ ಅಂತೇವಿ. ಖರೇ ಹೇಳಬೇಕಂದ್ರ ಹೊಂಟೇವಿ."

"ಎಷ್ಟು ಜೋರ್ ಹೊಂಟೇವ್ರಿ?"

"ನಿಮ್ಮ ಉಗುರು ಬೆಳೀತದಲ್ಲ, ಹೆಚ್ಚುಕಮ್ಮಿ ಅಷ್ಟು. ವರ್ಷಕ್ಕ ಎರಡು ಇಂಚು."

"ನಮ್ಮ ಚಿಟಗುಪ್ಪಾ ಬಸ್ಸಿಗಿಂತ ಜೋರೇ ಅದ ಬಿಡ್ರಿ!" ಎಂದನು ಹಿಂದಿನ ಸಾಲಿನವನು, ಬಾಯಿ ತುಂಬ ಬಜಿ ಇಟ್ಟುಕೊಂಡು.

ಕಡಾಯಿಯ ಹಬೆಯಲ್ಲಿ ಮಾಸ್ತರರ ಕಲ್ಪನೆಗೂ ಕಾವೇರಿತು. ಒಂದು ಕಾಲಕ್ಕೆ ಭರತಖಂಡವು ಆಫ್ರಿಕಾಕ್ಕೂ ಅಂಟಾರ್ಕ್ಟಿಕಾಕ್ಕೂ ಅಂಟಿಕೊಂಡಿದ್ದ ಕೂಡುಕುಟುಂಬವನ್ನು ವರ್ಣಿಸಿದರು. ಅದು ಪಾಲು ತೆಗೆದುಕೊಂಡು ಒಂಟಿಯಾಗಿ ಉತ್ತರಕ್ಕೆ ಹೊರಟದ್ದನ್ನು ಹೇಳಿದರು. ದಾರಿಯಲ್ಲಿ ನೆಲ ಸೀಳಿ ಕೆಂಡದ ಹೊಳೆ ಹರಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿದ್ದನ್ನು ಹೇಳಿದರು. "ನಿಮ್ಮ ಬಾವಿ ತೋಡಿದಾಗ ಹತ್ತತದಲ್ಲ ಕರಿಗಲ್ಲು, ಅದು ಆ ಕೆಂಡದ್ದು. ಆ ಕಲ್ಲು ಸವದು ಮಣ್ಣಾಗಿ ಎರಿ ಹೊಲ ಆಗ್ಯದ. ನೀವು ತೊಗರಿ ಬಿತ್ತೋದು ಆರಿದ ಬೆಂಕಿಯೊಳಗ." ಹಿರಿಯ ರೈತರಿಬ್ಬರು ತಮ್ಮ ಕಾಲಡಿಯ ನೆಲವನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು. ಆ ಸಂಜೆ ಮಂಗಳಾರತಿಯವರೆಗೆ ಒಬ್ಬರೂ ಏಳಲಿಲ್ಲ.

ಮರುದಿನ ಜನ ಇಮ್ಮಡಿಯಾಗಿತ್ತು; ಬಜಿಯ ಸುದ್ದಿ ಕೊಡಂಬಲದವರೆಗೂ ಹೋಗಿತ್ತು. ಬಸವಣಪ್ಪನವರು ರಾತ್ರಿಯೆಲ್ಲ ಯೋಚಿಸಿ ಬೇರೊಂದು ವ್ಯೂಹವನ್ನು ಹೂಡಿದ್ದರು. ತೊಟ್ಟಿಲನ್ನು ವಾಡಿಕೆಯ ಜಾಗದಿಂದ ಸರಿಸಿ, ತಬಲಾದವನ ಮಗ್ಗುಲಿಗೇ ನಿಲ್ಲಿಸಿದ್ದರು. ತಬಲಾ ಬಾರಿಸಿದರೆ ಕೂಸು ಎಚ್ಚರಗೊಳ್ಳುವುದು. ಕೂಸು ಅತ್ತರೆ ತಾಯಿ ಏಳುವಳು. ಅನುರಾಧಾ ಎದ್ದು ಹೊರಗೆ ಹೋದರೆ ಭಾಗಮ್ಮ ಗೆದ್ದಳು. ಇದನ್ನು ಕಂಡ ಮಾಸ್ತರರಿಗೆ ವ್ಯೂಹವು ಕೂಡಲೇ ಅರ್ಥವಾಯಿತು. ಆದರೆ ಪೂನಂ, ತಾಯಿ ಹಾಲೂಡಿಸಿದ ಕೂಸನ್ನು ತಂದು ತೊಟ್ಟಿಲಲ್ಲಿ ಮಲಗಿಸಿ, ಪಕ್ಕದಲ್ಲಿಯೇ ಕುಳಿತಳು.

"ಹೆಸರಿನ ಫಿಕರ್ ಮಾಡಬ್ಯಾಡ್ರಿ ಮಾವಾರೇ," ಎಂದಳು ಅವಳು ಮಾಸ್ತರರಿಗೆ. ಅವಳ ಮುಗುಳುನಗೆ ಯಾರ ಪಕ್ಷದ್ದೆಂದು ಅವರಿಗೆ ತಿಳಿಯಲಿಲ್ಲ.

"ಇವತ್ತು ಮದುವಿ," ಎಂದು ಮಾಸ್ತರರು ಮೊದಲು ಮಾಡಿದರು. "ಭರತಖಂಡ ಸಾವಿರ ಸಾವಿರ ಹರದಾರಿ ನೀರಾಗ ನಡದು ಏಷ್ಯಾಖಂಡದ ಬಾಗಿಲಿಗೆ ಬಂತು. ಏಷ್ಯಾ ಅಂದ್ರ ಭಾಳ ದೊಡ್ಡ ಮನಿ. ಇದ್ದಲ್ಲೇ ಕುಂತದ್ದು, ಯಾರಿಗೂ ಜಾಗಾ ಬಿಡಲಾರದ್ದು, ನಂದೇ ಖರೇ ಅನ್ನೋದು." ಇಲ್ಲಿ ಅವರು ಜನಕ್ಕೆ ಅರ್ಥವಾಗುವಷ್ಟು ಹೊತ್ತು ಬೀಗರತ್ತ ದೃಷ್ಟಿ ಬೀರಿದರು. "ಇಂಥ ಬೀಗರು ಯಾರಿಗೂ ಸಿಗಬಾರದು."

ಗಂಡಸರ ಜಮಖಾನೆಯಿಂದ ಬಸವಣಪ್ಪನವರ ದನಿ ಬಂದಿತು. "ಒಂದು ಮಾತು ಕೇಳತೀನ್ರಿ ಮಾಸ್ತರ. ಏಷ್ಯಾ ತನ್ನ ಪಾಡಿಗೆ ತನ್ನ ಮನ್ಯಾಗ ಕುಂತಿತ್ತಂತ ನೀವೇ ಅಂದ್ರಿ. ದೂರದಿಂದ ಬಂದು ಮಂದಿ ಬಾಗಿಲಿಗೆ ಹಾಯ್ದವರು ಯಾರು?"

"ಭರತಖಂಡ."

"ಹಾಯ್ದ ಮ್ಯಾಲಾದ್ರೂ ಸುಮ್ಮಕಾತೇನು?"

"ಇಲ್ಲ, ಇನ್ನೂ ನೂಕಾಕತ್ತದ," ಎಂದರು ಮಾಸ್ತರರು. ಸತ್ಯವನ್ನು ಮರೆಮಾಚುವುದು ಶಿಕ್ಷಕವೃತ್ತಿಗೆ ಸಲ್ಲದು.

"ಹಂಗಾರ ನಿನ್ನೆ ಕಲ್ಯಾಣದ ಬಸ್ ಹತ್ತಿ ನಮ್ಮ ಮನಿಗೆ ಬಂದು, ನಮ್ಮ ಮಠದ ಗಾದಿ ಏರಿ ಕುಂತು, ಇನ್ನೂ ನೂಕಾಕತ್ತವರು ಯಾರು ಅಂತ ಸಭಾದವರೇ ಹೇಳ್ಲಿ!"

ನಗೆಯ ಅಬ್ಬರಕ್ಕೆ ಮಠದ ಪಾರಿವಾಳಗಳು ಹಾರಿದವು. ಮಾಸ್ತರರ ಮುಖ ಕೆಂಪೇರಿತು. ಕಲ್ಯಾಣದ ಗುಡ್ಡದ ಕಲ್ಲೂ ಅಷ್ಟು ಕೆಂಪಗಿರಲಾರದು. ಆದರೆ ಜನ ಅಲುಗಲಿಲ್ಲ. ಬೀಗರ ಜಗಳ ವೇದಿಕೆಯ ಮೇಲೆ ನಡೆದಿರುವಾಗ ಎದ್ದು ಹೋಗುವ ಮೂರ್ಖರು ಹುಮನಾಬಾದಿನಲ್ಲಿ ಯಾರಿದ್ದಾರೆ? ಬಸವಣಪ್ಪನವರು ತಾವು ಗೆದ್ದ ಮಾತಿನಿಂದಲೇ ಸೋಲುತ್ತಿದ್ದರು.

"ಆತು, ನಾನೇ ಭಾರತ," ಎಂದರು ಮಾಸ್ತರರು. "ಈಗ ಮದುವಿ ನೋಡ್ರಿ. ಗಂಡಸರ ಜಮಖಾನಿ ಭಾರತ, ಹೆಣ್ಣುಮಕ್ಕಳದು ಏಷ್ಯಾ. ನಡುವ ಸಮುದ್ರ. ನಡುದಾರಿ ಬದಿಯವರು ಕುಂತಲ್ಲಿಂದಲೇ ಖಾಲಿ ಅಂಚು ಹಿಡಿದು ಒಳಗ ನೂಕ್ರಿ. ಯಾರೂ ಏಳಬ್ಯಾಡ್ರಿ!"

ಎರಡು ಕಡೆಯವರೂ ಉತ್ಸಾಹದಿಂದ ನೂಕಿದರು. ಜಮಖಾನೆಯ ಅಂಚಿಗೆ ಅಂಚು ತಾಗಿತು. ಮೊದಲು ಒಂದು ಸಣ್ಣ ಸುಕ್ಕು, ಅದರ ಹಿಂದೆ ಇನ್ನೊಂದು. ಗಂಡಸರ ಅಂಚು ಹೆಂಗಸರ ಅಂಚಿನ ಕೆಳಗೆ ನುಸುಳಿತು. ಮಡಿಕೆಯ ಮೇಲೆ ಮಡಿಕೆ ಏರಿ, ನೋಡನೋಡುತ್ತ ಅಂಗಳದ ನಡುವೆ ಮೊಣಕಾಲೆತ್ತರದ ದಿಬ್ಬವೊಂದು ಎದ್ದು ನಿಂತಿತು.

"ಇದೇ ಹಿಮಾಲಯ!" ಮಾಸ್ತರರು ಕೈಯೆತ್ತಿದರು. "ಎರಡು ಮನಿಯವರೂ ಬಿಡಲಾರದ್ದಕ್ಕ, ನಡುವ ಹುಟ್ಟಿದ ಕೂಸು. ಇನ್ನೂ ನೂಕಾಟ ನಿಂತಿಲ್ಲ, ಅದಕ್ಕ ಕೂಸು ಇನ್ನೂ ಬೆಳಿಯಾಕತ್ತದ. ತಾಯಂದಿರೇ, ಅಕ್ಷತಿ ಹಾಕ್ರಿ!"

ಹಳದಿ ಅಕ್ಕಿಯ ಮಳೆ ಸುರಿಯಿತು. ಗಂಗುಬಾಯಿ ಜಮಖಾನೆಯ ದಿಬ್ಬಕ್ಕೆ ಅರಿಷಿಣ ಕುಂಕುಮ ಹಚ್ಚಿದಳು. ತಬಲಾದವನು ಎರಡು ಖಂಡಗಳ ಡಿಕ್ಕಿಗೆ ತಕ್ಕಂತೆ ಎರಡೂ ಕೈಯೆತ್ತಿ ಬಾರಿಸಿದನು; ಮತ್ತು ತೊಟ್ಟಿಲಿನ ಕೂಸು ಎಚ್ಚರಗೊಂಡು, ಮುಷ್ಟಿ ಬಿಗಿದು, ಉಸಿರು ಕಟ್ಟಿ ಚೀರಿತು.

ಬಸವಣಪ್ಪನವರು ಕಾದಿದ್ದ ಘಳಿಗೆ ಇದೇ. ಅನುರಾಧಾ ಏಳಬೇಕಾಗಿತ್ತು. ಆದರೆ ಅನುರಾಧಾ ಏಳಲಿಲ್ಲ; ಪಕ್ಕದಲ್ಲಿ ನಾದಿನಿ ಇದ್ದಾಳೆಂಬ ನೆಚ್ಚಿಕೆಯಿಂದ ಶಾಂತವಾಗಿ ಕುಳಿತಿದ್ದಳು. ಕೂಸಿನ ಎರಡನೆಯ ಚೀರಾಟವು ಮೊದಲಿನದಕ್ಕಿಂತ ಎತ್ತರದಲ್ಲಿತ್ತು. ಆ ಧ್ವನಿಗೆ ಬಸವಣಪ್ಪನವರು ಶರತ್ತನ್ನು ಮರೆತರು, ವ್ಯೂಹವನ್ನು ಮರೆತರು, ಲಿಂಗೈಕ್ಯ ತಾಯಿಯನ್ನೂ ಮರೆತರು. "ಅಯ್ಯ ನನ್ನವ್ವಾ, ಅಳಬ್ಯಾಡವ್ವಾ!" ಎಂದು ಎದ್ದು ಓಡಿದರು. ಅದೇ ಕ್ಷಣದಲ್ಲಿ ಮಾಸ್ತರರೂ ಭರತಖಂಡವನ್ನು ನಡುದಾರಿಯಲ್ಲಿ ಬಿಟ್ಟು, ಗಾದಿಯಿಂದ ಧುಮುಕಿದರು. ಬಸವಣಪ್ಪನವರ ಕಾಲು ಹಿಮಾಲಯಕ್ಕೆ ಎಡವಿತು. ಮಾಸ್ತರರ ಕಾಲಿಗೆ ಧೋತರ ತೊಡರಿತು. ತೊಟ್ಟಿಲಿನ ಮೇಲೆ, ಕೂಸಿನ ಕಣ್ಣಮುಂದೆಯೇ, ಎರಡು ಹಣೆಗಳು ಢಣ್ ಎಂದು ಕೂಡಿದವು.

ಕೂಸು ಅಳುವುದನ್ನು ನಿಲ್ಲಿಸಿ, ತನ್ನ ಮೇಲೆ ಬಾಗಿ ಹಣೆ ಹಿಡಿದುಕೊಂಡ ಎರಡು ಮುಖಗಳನ್ನು ಬೆರಗಿನಿಂದ ನೋಡಿತು; ಬಳಿಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು.

ಪೂನಂ ತಡಮಾಡಲಿಲ್ಲ. ಇಬ್ಬರು ಹಿರಿಯರ ಗಡ್ಡಗಳ ನಡುವೆ ತಲೆ ತೂರಿಸಿ, ಕೂಸಿನ ಕಿವಿಗೆ ಬಾಯಿಟ್ಟು, "ಕುರ್‌ರ್‌ರ್..." ಎಂದು ಎಳೆದು, ಏನನ್ನೋ ಉಸುರಿದಳು. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಗುದ್ದು ಹಾಕುವುದು ಹೆಂಗಸರ ಹಕ್ಕು. ಅವರು ಆ ಹಕ್ಕನ್ನು ಧಾರಾಳವಾಗಿ ಚಲಾಯಿಸಿದರು.

"ಏನು ಹೆಸರಿಟ್ಟೀಯವ್ವಾ?" ಬಸವಣಪ್ಪನವರು ನರಳಿದರು. "ಭಾಗಮ್ಮ?"

"ಹೈಮವತಿ?" ಮಾಸ್ತರರು ನರಳಿದರು.

"ಭೂಮಿಕಾ!" ಗುದ್ದಿನ ನಡುವೆ ಪೂನಂ ಅತ್ತಿಗೆಯತ್ತ ಕೈತೋರಿ ಕೂಗಿದಳು. "ವೈನೀನೂ ನಾನೂ ಕೂಡಿ ಎಂದೋ ಗೊತ್ತು ಮಾಡೇವಿ. ಇವತ್ತಿನತನಕ ನಮ್ಮನ್ನ ಕೇಳಿದವರ್ಯಾರು?"

"ಶರತ್ತ ಅದ!" ಇಬ್ಬರೂ ಒಂದೇ ಬಾಯಿಯಿಂದ ಗರ್ಜಿಸಿದರು. ಬೀಗರಾದ ಮೇಲೆ ಅವರು ಒಮ್ಮತದಿಂದ ಆಡಿದ ಮೊದಲ ಮಾತು ಅದೇ ಇರಬೇಕು. ಎರಡು ಜೊತೆ ಕಣ್ಣುಗಳು ಪಂಚರತ್ತ ತಿರುಗಿದವು.

ಗಂಗುಬಾಯಿ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ಮಂಗಳಾರತಿತನಕ ಒಬ್ಬರೂ ಏಳಬಾರದು ಅಂತ ಶರತ್ತ. ಇಷ್ಟು ಮಂದ್ಯಾಗ ಎದ್ದವರು ಇಬ್ಬರೇ. ಒಬ್ಬರು ಕೇಳಲಾರದೆ ಎದ್ರು, ಒಬ್ಬರು ಹೇಳಲಾರದೆ ಎದ್ರು. ಇಬ್ಬರೂ ಸೋತ್ರಿ. ಇನ್ನ ಕುಂಡ್ರಿ, ಗುಗ್ಗರಿ ಆರತದ."

ಮೇಲ್ಮನವಿಗೆ ಅವಕಾಶವಿರಲಿಲ್ಲ. ಹೆಂಗಸರು ಜೋಗುಳ ಎತ್ತಿದರು, ಮಂಗಳಾರತಿಯಾಯಿತು. ಬೀಗರಿಬ್ಬರೂ ಜಮಖಾನೆಯ ದಿಬ್ಬದ ಮೇಲೆ, ಅಂದರೆ ಹಿಮಾಲಯದ ಮೇಲೆಯೇ, ಮಗ್ಗುಲಾಗಿ ಕುಳಿತು ಗುಗ್ಗರಿ ಮುಕ್ಕಿದರು.

ಮಾಸ್ತರರು ಮನಸ್ಸಿನೊಳಗೇ ಆ ಹೆಸರನ್ನು ಒಮ್ಮೆ ನುಡಿದು ನೋಡಿದರು. ಭೂಮಿಕಾ. ಹೊಸ ಕಾಲದ ಹೆಸರುಗಳನ್ನು ಅವರು ಎಂದೂ ಮೆಚ್ಚಿದವರಲ್ಲ. ಆದರೂ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ತಮ್ಮದೇ ಪಾಠಕ್ಕೆ ತೂಕಡಿಸುತ್ತಿದ್ದ ಅನುರಾಧಾ ಈ ಹೆಸರನ್ನು ಎಲ್ಲಿಂದ ಹೆಕ್ಕಿರಬಹುದೆಂದು ಯೋಚಿಸುತ್ತ, ಬಾಯಿಗೆತ್ತಿದ ಗುಗ್ಗರಿಯನ್ನು ಕೈಯಲ್ಲಿಯೇ ಉಳಿಸಿಕೊಂಡರು. ಅವರು ಮಗಳತ್ತ ನೋಡಿದರು. ಅವಳು ತೊಟ್ಟಿಲು ತೂಗುತ್ತ, ತಂದೆಯತ್ತ ನೋಡದೆಯೇ ನಗುತ್ತಿದ್ದಳು.

"ಅಕೀ ನಕ್ಕಳು ನೋಡ್ರಿ, ನನ್ನ ಮಾರಿ ನೋಡಿ," ಎಂದರು ಬಸವಣಪ್ಪನವರು.

"ನಿಮ್ಮ ಮಾರಿಯಲ್ಲ, ನಿಮ್ಮ ಬುಗುಟು ನೋಡಿ," ಎಂದರು ಮಾಸ್ತರರು. ಬೀಗರ ಹಣೆಯ ಮೇಲೆ ನಿಂಬೆಹಣ್ಣಿನಂಥ ಊತವೊಂದು ಎದ್ದಿತ್ತು.

ಬಸವಣಪ್ಪನವರು ಬೆರಳಿನಿಂದ ಮುಟ್ಟಿ ನೋಡಿಕೊಂಡು, ಬಳಿಕ ಮಾಸ್ತರರ ಹಣೆಯನ್ನು ತುಲನೆಯ ದೃಷ್ಟಿಯಿಂದ ಪರೀಕ್ಷಿಸಿದರು. "ನಂದೇ ಎತ್ತರ ಅದ."

"ಈಗ ಅದ," ಮಾಸ್ತರರು ತಮ್ಮ ಹಣೆಯನ್ನು ಅಭಿಮಾನದಿಂದ ಸವರಿಕೊಂಡರು. "ನಂದು ಇನ್ನೂ ಬೆಳಿಯಾಕತ್ತದ."